ಜೋಳದ ಚಮಚ, ಕಬ್ಬಿನ ಬಾಟ್ಲಿ: ಬಯೋ ಪ್ಲಾಸ್ಟಿಕ್ ಬಗ್ಗೆ ನಮ್ಮ ಅಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರ ನಮ್ಮದೊಂದು ಸಣ್ಣ ಅಂಗಡಿ ಉಂಟು. ಜೆಂಬರದ, ಅಂದ್ರೆ ಮದುವೆ ಮುಂಜಿಯ ಸಾಮಾನು ಕೊಡುದು, ತಟ್ಟೆ, ಲೋಟ, ಚಮಚ, ತೊಟ್ಟೆ (ತೆಳು ಕೈಚೀಲ), ಟಿಶ್ಯೂ ಹೀಗೆ. 2020ರ ಜನವರಿ 1ಕ್ಕೆ ಕೇರಳದಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಬಂದ್ ಆಯ್ತು, 2022ರ ಜುಲೈ 1ಕ್ಕೆ ಇಡೀ ದೇಶಕ್ಕೇ ಕೆಲವು ಐಟಂ ಬಂದ್ ಆಯ್ತು, ಅಲ್ಲಿಂದ ಮತ್ತೆ ನಮಗೆ ಬರುವ ಕಟ್ಟುಗಳ ಮೇಲೆಲ್ಲ ಒಂದು ಹಸಿರು ಎಲೆಯ ಚಿತ್ರ, "ಬಯೋ" "ಇಕೋ" "ನೇಚರ್" ಅಂತ ಒಂದೊಂದು ಹೆಸರು. ಗಿರಾಕಿಗಳು ಕನ್ನಡದಲ್ಲಿ, ಮಲಯಾಳದಲ್ಲಿ, ತುಳುವಿನಲ್ಲಿ ಕೇಳುದೆಲ್ಲ ಅದೇ ಹತ್ತು ಹದಿನೈದು ಪ್ರಶ್ನೆ. ದಿನಾ ಬಾಯಿ ನೋಯಿಸಿಕೊಳ್ಳುವ ಬದಲು ಒಮ್ಮೆ ಬರೆದು ಇಡುವ ಅಂತ ಕೂತೆ.

ಅಣ್ಣಾ, ಬಯೋ ಪ್ಲಾಸ್ಟಿಕ್ ಅಂದ್ರೆ ಎಂತದು? ಪ್ಲಾಸ್ಟಿಕ್ಕೇ ಅಲ್ವಾ?

ಹೌದು, ಪ್ಲಾಸ್ಟಿಕ್ಕೇ. ಸಾಮಾನ್ಯ ಪ್ಲಾಸ್ಟಿಕ್ ಪೆಟ್ರೋಲಿಯಂ, ಗ್ಯಾಸ್ ಇದರಿಂದ ಆಗುದು, ಇದು ಕಬ್ಬು, ಮೆಕ್ಕೆಜೋಳ, ಮರಗೆಣಸಿನ ಹಿಟ್ಟು, ಹರಳೆಣ್ಣೆ ಇಂಥದ್ದರಿಂದ ಆಗುದು. ಅಷ್ಟೇ ಅದರ ಅರ್ಥ. ಎಲ್ಲಿಂದ ಬಂತು ಅಂತ ಮಾತ್ರ ಆ ಹೆಸರು ಹೇಳ್ತದೆ, ಮತ್ತೆ ಎಲ್ಲಿಗೆ ಹೋಗ್ತದೆ ಅಂತ ಹೇಳುದಿಲ್ಲ. ಎಲ್ಲರೂ ಎಡವುದು ಇಲ್ಲೇ.

ನಮ್ಮ ಊರಿನವರಿಗೆ ಇದು ಅರ್ಥ ಆಗ್ಬೇಕಾದ್ರೆ ರಬ್ಬರ್ ತೋಟಕ್ಕೆ ಹೋದ್ರೆ ಸಾಕು. ಬೆಳಿಗ್ಗೆ ಟ್ಯಾಪಿಂಗ್ ಮಾಡಿ ಚಿಪ್ಪಿಗೆ ಬೀಳುವ ಹಾಲು ಪೂರ್ತಿ ಮರದ್ದು, ಗಿಡದ ಪಾಲಿಮರ್ (ಸಣ್ಣ ಕಣಗಳ ಉದ್ದ ಮಾಲೆ) ಅಂತ ಹೇಳ್ಬೇಕಾದ್ರೆ ಅದಕ್ಕಿಂತ ಶುದ್ಧ ಬೇರೆ ಇಲ್ಲ. ಅದೇ ಹಾಲಿನ ಶೀಟಿಗೆ ಗಂಧಕ ಹಾಕಿ ಬೇಯಿಸಿ ಲಾರಿ ಟಯರಿಗೆ ಸೇರಿಸಿದ ಮೇಲೆ, ಆ ಟಯರ್ ಹಿತ್ತಲಲ್ಲಿ ಬಿದ್ರೆ ಕೊಳೀತದಾ? ನಮ್ಮ ಅಪ್ಪನ ಕಾಲದ ಒಂದು ಟಯರ್ ಬಾವಿಕಟ್ಟೆ ಹತ್ತಿರ ಈಗಲೂ ಉಂಟು, ಸೊಳ್ಳೆ ಸಾಕ್ಲಿಕ್ಕೆ ಇಟ್ಟ ಹಾಗೆ. ಬಂದದ್ದು ಮರದಿಂದ, ಹೋಗುದು ಎಲ್ಲಿಗೂ ಇಲ್ಲ.

ಉಲ್ಟಾ ಕೂಡ ಉಂಟು. ಪಿಬಿಎಟಿ ಅಂತ ಒಂದು ಪ್ಲಾಸ್ಟಿಕ್, ಹೆಚ್ಚಾಗಿ ಪೆಟ್ರೋಲಿಯಂನಿಂದಲೇ ಆಗುದು, ಆದ್ರೆ ಸರಿಯಾದ ಕಾಂಪೋಸ್ಟಿನಲ್ಲಿ ಕೊಳೀತದೆ. ಈಗ ಮಾರ್ಕೆಟಿನಲ್ಲಿ ಬರುವ ಕಾಂಪೋಸ್ಟೆಬಲ್ ತೊಟ್ಟೆಗಳಲ್ಲಿ ದೊಡ್ಡ ಪಾಲು ಇದೇ, ಜೊತೆಗೆ ಚೂರು ಸ್ಟಾರ್ಚ್, ಚೂರು ಪಿಎಲ್ಎ, ಅದು ಎಂತದು ಅಂತ ಕೆಳಗೆ ಹೇಳ್ತೇನೆ. ಜೋಳದ ತೊಟ್ಟೆ ಅಂತ ನಾವು ಮಾರುದು, ಜೋಳ ಅದರಲ್ಲಿ ಎಷ್ಟುಂಟು ಅಂತ ಕೇಳಿದ್ರೆ ಸಪ್ಲೈಯರ್ ಫೋನ್ ಇಡ್ತಾನೆ.

ಹಾಗಾಗಿ ಕೇಳ್ಬೇಕಾದ ಪ್ರಶ್ನೆ ಎರಡು, ಎಂತದರಿಂದ ಮಾಡಿದ್ದು, ಬಿಸಾಡಿದ ಮೇಲೆ ಎಂತ ಆಗ್ತದೆ. ಒಂದಕ್ಕೆ ಉತ್ತರ ಸಿಕ್ಕಿತು ಅಂತ ಇನ್ನೊಂದಕ್ಕೂ ಸಿಕ್ಕಿದ ಹಾಗೆ ಅಲ್ಲ.

ಪಿಎಲ್ಎ ಪಿಎಲ್ಎ ಅಂತ ಹೇಳ್ತಾರಲ್ಲ, ಅದು ಯಾವುದು?

ಪಾಲಿಲ್ಯಾಕ್ಟಿಕ್ ಆಸಿಡ್. ಮೊಸರು ಹುಳಿ ಬರ್ತದಲ್ಲ, ಆ ಹುಳಿಯೇ ಲ್ಯಾಕ್ಟಿಕ್ ಆಸಿಡ್. ಹಾಲಿನಿಂದ ಮಾಡುದಲ್ಲ ಮತ್ತೆ, ಜೋಳದ ಅಥವಾ ಕಬ್ಬಿನ ಸಕ್ಕರೆಯನ್ನು ಬ್ಯಾಕ್ಟೀರಿಯಾಕ್ಕೆ ಕೊಟ್ಟು ಹುಳಿ ಬರಿಸುದು, ಆ ಹುಳಿಯ ಕಣಗಳನ್ನು ಮಾಲೆಯ ಹಾಗೆ ಪೋಣಿಸಿದ್ರೆ ಗಾಜಿನ ಹಾಗೆ ಹೊಳೆಯುವ ಪ್ಲಾಸ್ಟಿಕ್ ಆಯ್ತು. ಜ್ಯೂಸಿನ ಪಾರದರ್ಶಕ ಲೋಟ, ಐಸ್‌ಕ್ರೀಂ ಚಮಚ, ಸಲಾಡಿನ ಡಬ್ಬಿ, ಪೇಪರ್ ಲೋಟದ ಒಳಗಿನ ಲೇಪ, ಎಲ್ಲ ಇದರಲ್ಲಿ ಬರ್ತದೆ. ಅಮೆರಿಕದ ನೆಬ್ರಾಸ್ಕದಲ್ಲಿ ಜೋಳದಿಂದ ಮಾಡುವ ದೊಡ್ಡ ಫ್ಯಾಕ್ಟರಿ ಉಂಟು, ಥಾಯ್ಲೆಂಡಿನಲ್ಲಿ ಕಬ್ಬಿನಿಂದ ಮಾಡ್ತಾರೆ. ನಮ್ಮ ದೇಶದಲ್ಲಿ ಉತ್ತರ ಪ್ರದೇಶದ ಬಲರಾಂಪುರ ಚೀನಿ ಮಿಲ್ಸ್‌ನವರು ಸಕ್ಕರೆ ಕಾರ್ಖಾನೆ ಜೊತೆಗೇ ಪಿಎಲ್ಎ ಮಾಡ್ತೇವೆ ಅಂತ 2024ರಲ್ಲಿ ಹೇಳಿದ್ದಾರೆ.

ಇದು ಕರಗ್ತದಾ ಇಲ್ವಾ? ಒಂದೇ ಮಾತಿನಲ್ಲಿ ಹೇಳಿ.

ನಿಮ್ಮ ಗೊಬ್ಬರದ ಗುಂಡಿಯಲ್ಲಾ? ಇಲ್ಲ.

ಇನ್ನು ಒಂದಕ್ಕಿಂತ ಹೆಚ್ಚು ಮಾತಿನಲ್ಲಿ. "ಕಾಂಪೋಸ್ಟೆಬಲ್" ಅಂತ ಸರ್ಟಿಫಿಕೇಟ್ ಸಿಗ್ಬೇಕಾದ್ರೆ ಐಎಸ್ಒ 17088 ಅಂತ ಒಂದು ಸ್ಟಾಂಡರ್ಡ್ ಉಂಟು. ಆ ಪರೀಕ್ಷೆ ನಡೆಯುದು ಸುಮಾರು 58 ಡಿಗ್ರಿ ಬಿಸಿಯಲ್ಲಿ, ಗಾಳಿ ನೀರು ಸರಿಯಾಗಿ ಆಡಿಸಿದ ಕಾಂಪೋಸ್ಟಿನಲ್ಲಿ, ಅಲ್ಲಿ ಆರು ತಿಂಗಳ ಒಳಗೆ ನೂರಕ್ಕೆ 90 ಪಾಲು ಕೊಳೀಬೇಕು. ದೊಡ್ಡ ನಗರದ ಕಾಂಪೋಸ್ಟ್ ಪ್ಲಾಂಟಿನಲ್ಲಿ ರಾಶಿ ಹಾಕಿದ್ರೆ ಆ ಬಿಸಿ ಬರ್ತದೆ. ನಮ್ಮ ಅಡಿಕೆ ತೋಟದ ಗುಂಡಿಯಲ್ಲಿ, ಮಳೆಗಾಲದಲ್ಲಿ ನೀರು ನಿಂತು ತಣ್ಣಗೆ ಕೂತಿರುವಲ್ಲಿ, ಎಲ್ಲಿಂದ ಬರುದು 58 ಡಿಗ್ರಿ? ಪಿಎಲ್ಎ ಅಂತೂ ತುಂಬಾ ಹಟದ ಜಾತಿ, 55-60 ಡಿಗ್ರಿ ದಾಟುವ ತನಕ ಅದರ ಮಾಲೆ ಬಿಗಿಯಾಗಿ ಇರ್ತದೆ, ನೀರು ಒಳಗೆ ನುಗ್ಗಿ ತುಂಡು ಮಾಡ್ಲಿಕ್ಕೆ ಬಿಡುದಿಲ್ಲ, ಮಾಲೆ ತುಂಡಾಗದೆ ಸೂಕ್ಷ್ಮಜೀವಿಗೆ ತಿನ್ಲಿಕ್ಕೆ ಆಗುದಿಲ್ಲ.

ನಾನು ಸುಮ್ನೆ ಹೇಳುದಲ್ಲ. ಎರಡು ವರ್ಷ ಹಿಂದೆ ಮೇ ತಿಂಗಳಲ್ಲಿ ಒಂದು ಪಿಎಲ್ಎ ಚಮಚ, ಒಂದು ಕಾಂಪೋಸ್ಟೆಬಲ್ ತೊಟ್ಟೆ, ಒಂದು ಅಡಿಕೆ ಹಾಳೆಯ ತಟ್ಟೆ ಮೂರನ್ನೂ ನೈಲಾನ್ ಬಲೆಗೆ ಕಟ್ಟಿ ಸೆಗಣಿ ಗುಂಡಿಯ ಬದಿಗೆ ಹೂತಿಟ್ಟಿದ್ದೆ, ಹೆಂಡತಿ ಇದೆಂತ ಮರುಳು ಅಂತ ನಗಾಡಿದ್ಳು. ಸೋಣ ತಿಂಗಳು, ಅಂದ್ರೆ ಆಗಸ್ಟ್ ಸೆಪ್ಟೆಂಬರ್ ಹೊತ್ತಿಗೆ, ತೆಗೆದು ನೋಡುವಾಗ ಹಾಳೆ ತಟ್ಟೆಯಲ್ಲಿ ನಾರು ಮಾತ್ರ ಉಳಿದಿತ್ತು. ತೊಟ್ಟೆ ತೂತು ತೂತಾಗಿ ಕೈಯಲ್ಲಿ ಹಿಡಿದ್ರೆ ಹರಿಯುವ ಹಾಗೆ ಆಗಿತ್ತು. ಚಮಚ? ತೊಳೆದ್ರೆ ಪುನಃ ಪಾಯಸ ತಿನ್ಬಹುದಿತ್ತು. ಮುಂದಿನ ವರ್ಷದ ಮಳೆ ಮುಗಿದ ಮೇಲೂ ಹಾಗೇ ಇತ್ತು, ಚೂರು ಮಬ್ಬಾಗಿತ್ತು ಅಷ್ಟೇ. ಒಬ್ಬನ ಹಿತ್ತಲಿನ ಪರೀಕ್ಷೆ ಇದು, ವಿಜ್ಞಾನ ಅಂತ ಹೇಳ್ಲಿಕ್ಕಿಲ್ಲ, ಆದ್ರೆ ನಮ್ಮ ನೆಲಕ್ಕೆ ನಮ್ಮ ಮಳೆಗೆ ಇದೇ ಲೆಕ್ಕ.

ತೊಟ್ಟೆಯಲ್ಲಿ "ಹೋಮ್ ಕಾಂಪೋಸ್ಟೆಬಲ್" ಅಂತ ಬೇರೆಯೇ ಒಂದು ಜಾತಿ ಉಂಟು, ಅದು ಮನೆಯ ಗುಂಡಿಯ ತಣ್ಣನೆ ಬಿಸಿಯಲ್ಲಿಯೂ ಕೊಳೆಯುವ ಹಾಗೆ ಪರೀಕ್ಷೆ ಮಾಡಿದ್ದು. ಬರೇ "ಕಾಂಪೋಸ್ಟೆಬಲ್" ಅಂತ ಇದ್ರೆ ಮನೆಗೆ ಅಲ್ಲ ಅಂತಲೇ ತಿಳ್ಕೊಳ್ಳಿ. "ಬಯೋಡಿಗ್ರೇಡೆಬಲ್" ಅಂತ ಮಾತ್ರ ಇದ್ರೆ ಅದಕ್ಕೆ ಎಂತದೂ ಅರ್ಥ ಇಲ್ಲ, ಎಷ್ಟು ದಿನ, ಎಲ್ಲಿ, ಎಷ್ಟು ಬಿಸಿಯಲ್ಲಿ ಅಂತ ಹೇಳದಿದ್ರೆ ಮರವೂ ಬಯೋಡಿಗ್ರೇಡೆಬಲ್ಲೇ.

ಬಿಸಿ ಚಾ ಹಾಕ್ಬಹುದಾ?

ಈ ಪ್ರಶ್ನೆ ನನ್ನ ಹತ್ತಿರ ಕೇಳ್ಬೇಡಿ ಮಾರಾಯ್ರೆ, ಮರ್ಯಾದೆ ಹೋದ ಕತೆ. ಆದ್ರೂ ಹೇಳ್ತೇನೆ.

ನಾಲ್ಕೈದು ವರ್ಷ ಹಿಂದೆ ನಮ್ಮ ಕಡೆ ಒಂದು ಬಯಲಾಟ. ರಾತ್ರಿ ಜನಕ್ಕೆ ಶುಂಠಿ ಕಾಪಿ ಕೊಡುದು ಅಂತ ಕಮಿಟಿಯವರು ಮಾಡಿದ್ರು, ಲೋಟ ನನ್ನ ಜವಾಬ್ದಾರಿ. ಪ್ಲಾಸ್ಟಿಕ್ ಬೇಡ, ಪರಿಸರಕ್ಕೆ ಒಳ್ಳೆಯದು ಕೊಡುವ ಅಂತ ನಾನು ಹೊಸದಾಗಿ ಬಂದ ಪಿಎಲ್ಎ ಲೋಟ ಎಂಟು ಕಟ್ಟು ಕೊಟ್ಟೆ. ಸಪ್ಲೈಯರ್ ಹೇಳಿದ್ದು ಎಲ್ಲದಕ್ಕೂ ಆಗ್ತದೆ ಅಂತ. ಕುದಿಯುವ ಕಾಪಿ ಹೊಯ್ದದ್ದೇ ತಡ, ಲೋಟ ಮೊಣಕಾಲು ಊರಿದ ಹಾಗೆ ಕುಸಿಯಿತು, ಬಾಯಿ ಅಗಲ ಆಯ್ತು, ಹಿಡಿದವರ ಕೈ ಮೇಲೆ ಕಾಪಿ. ಅಲ್ಲಿ ರಂಗದಲ್ಲಿ ರಾಕ್ಷಸ ಪ್ರವೇಶ ಆಗುವ ಹೊತ್ತು, ಇಲ್ಲಿ ನಮ್ಮ ಕಡೆ ಇನ್ನೊಂದು ಬೊಬ್ಬೆ. ಕಡೆಗೆ ಹತ್ತಿರದ ಮನೆಗಳಿಂದ ಸ್ಟೀಲ್ ಲೋಟ ತಂದು ತೊಳೆದು ತೊಳೆದು ಕೊಟ್ಟದ್ದು.

ಕಾರಣ ಮೇಲೆ ಹೇಳಿದ್ದೇ. ಸಾದಾ ಪಿಎಲ್ಎ 55-60 ಡಿಗ್ರಿಗೆ ಮೆತ್ತಗೆ ಆಗ್ತದೆ, ಕಾಪಿ ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿ. ತಣ್ಣನೆಯ ಜ್ಯೂಸು, ಮಜ್ಜಿಗೆ, ಐಸ್‌ಕ್ರೀಂ ಇದಕ್ಕೆ ಮಾತ್ರ ಅದು. ಬಿಸಿಗೆ ಆಗುವ ಹಾಗೆ ಹದ ಮಾಡಿದ ಪಿಎಲ್ಎ ಬೇರೆ ಉಂಟು, ಅದು ಪಾರದರ್ಶಕ ಇರುದಿಲ್ಲ, ಬಿಳಿ ಮಬ್ಬು ಇರ್ತದೆ. ಕನ್ನಡಿಯ ಹಾಗೆ ಹೊಳೀತಾ ಉಂಟು ಅಂತಾದ್ರೆ ಚಾದ ಹತ್ತಿರ ತರ್ಬೇಡಿ. ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನಲ್ಲಿಯೂ ಬೇಡ, ಏಪ್ರಿಲಿನಲ್ಲಿ ನನ್ನ ಅಳಿಯ ತ್ರೀಡಿ ಪ್ರಿಂಟರಿನಲ್ಲಿ ಮಾಡಿದ ಮೊಬೈಲ್ ಸ್ಟಾಂಡ್ ಸೊಂಡಿಲಿನ ಹಾಗೆ ಬಗ್ಗಿತ್ತು, ಅದೂ ಪಿಎಲ್ಎಯೇ.

ದಿನಬಳಕೆಯಲ್ಲಿ ಇದು ಎಲ್ಲೆಲ್ಲ ಉಂಟು? ಲೋಟ ಚಮಚ ಬಿಟ್ಟು?

ನಮಗೆ ಕಾಣುದು ಲೋಟ ಚಮಚ ತೊಟ್ಟೆ. ನಿಜವಾಗಿ ಕೆಲಸ ಮಾಡುವ ಬಯೋ ಪ್ಲಾಸ್ಟಿಕ್ ಹೆಚ್ಚಾಗಿ ಕಾಣದ ಜಾಗದಲ್ಲಿ ಇರುದು, ಅದೇ ನನಗೆ ಕುಶಿ ಕೊಡುವ ವಿಷಯ.

ಬಾಟ್ಲಿ, ಮುಚ್ಚಳ, ಟ್ಯೂಬು: ಬ್ರೆಜಿಲಿನಲ್ಲಿ ಬ್ರಾಸ್ಕೆಮ್ ಅಂತ ಕಂಪೆನಿ 2010ರಿಂದ ಕಬ್ಬಿನ ಎಥನಾಲಿನಿಂದ ಪಾಲಿಥಿನ್ ಮಾಡ್ತದೆ. ಎಥನಾಲ್ ಅಂದ್ರೆ ನಮ್ಮ ಪೆಟ್ರೋಲಿಗೆ ಮಿಕ್ಸ್ ಮಾಡ್ತಾರಲ್ಲ ಅದೇ. ಆ ಪಾಲಿಥಿನ್ ಸಾಮಾನ್ಯ ಪಾಲಿಥಿನ್‌ನ ಅವಳಿ, ಲ್ಯಾಬಿನಲ್ಲಿ ಇಟ್ರೂ ರಾಸಾಯನಿಕವಾಗಿ ಒಂದೇ. ಶಾಂಪೂ ಬಾಟ್ಲಿ, ಹಾಲಿನ ಪೆಟ್ಟಿಗೆಯ ಮುಚ್ಚಳ ಇದರಲ್ಲಿ ಬರ್ತದೆ. ಲೆಗೋ ಅಂತ ಮಕ್ಕಳ ಆಟಿಕೆಯವರು 2018ರಿಂದ ಗಿಡ, ಎಲೆ, ಮರದ ಆಕಾರದ ತುಂಡುಗಳನ್ನು ಈ ಕಬ್ಬಿನ ಪಾಲಿಥಿನ್‌ನಲ್ಲಿ ಮಾಡ್ತಾರೆ. ಇದು ಕೊಳೆಯುದಿಲ್ಲ, ಕೊಳೀಬಾರ್ದು ಕೂಡ, ಆಟಿಕೆ ಅಲ್ವಾ, ಮೊಮ್ಮಕ್ಕಳ ತನಕ ಬಾಳ್ಬೇಕು. ಹಳೆ ಪಾಲಿಥಿನ್ ಜೊತೆ ಸೇರಿಸಿ ರೀಸೈಕಲ್ ಮಾಡ್ಲಿಕ್ಕೆ ಎಂತ ತೊಂದರೆಯೂ ಇಲ್ಲ, ನನ್ನ ಲೆಕ್ಕದಲ್ಲಿ ಅದು ದೊಡ್ಡ ಪ್ಲಸ್ ಪಾಯಿಂಟ್.

ಸೋಡಾ ಬಾಟ್ಲಿ: ಕೋಕಾಕೋಲಾದವರು 2009ರಲ್ಲಿ ಪ್ಲಾಂಟ್ ಬಾಟಲ್ ಅಂತ ತಂದ್ರು, ಅದರಲ್ಲಿ ಗಿಡದ ಪಾಲು ನೂರಕ್ಕೆ 30ರ ತನಕ. ಪೂರ್ತಿ ಯಾಕಿಲ್ಲ ಅಂದ್ರೆ ಪೆಟ್ ಪ್ಲಾಸ್ಟಿಕ್ ಎರಡು ಸಾಮಾನು ಸೇರಿಸಿ ಮಾಡುದು, ಸಣ್ಣ ಪಾಲಾದ ಗ್ಲೈಕಾಲನ್ನು ಕಬ್ಬಿನಿಂದ ಸುಲಭವಾಗಿ ತೆಗೀಬಹುದು, ದೊಡ್ಡ ಪಾಲಿನ ಇನ್ನೊಂದು ಆಸಿಡನ್ನು ಗಿಡದಿಂದ ತೆಗೆಯುದು ಕಷ್ಟ, ದುಬಾರಿ.

ಕೆಲವು ಹಲ್ಲುಜ್ಜುವ ಬ್ರಶ್ಶಿನ ಕೂದಲು, ಕೆಲವು ವಾಹನದ ಪೆಟ್ರೋಲ್ ಪೈಪು: ಇದು ಹರಳೆಣ್ಣೆಯ ನೈಲಾನ್. ಹೌದು, ಅಜ್ಜಿ ಹೊಟ್ಟೆ ಶುದ್ಧಕ್ಕೆ ಕುಡಿಸ್ತಿದ್ದ ಅದೇ ಹರಳೆಣ್ಣೆ. ನೈಲಾನ್-11 ಅಂತ ಪೂರ್ತಿ ಹರಳೆಣ್ಣೆಯಿಂದ ಆಗುವ ಜಾತಿ, ಬಿಸಿ, ಎಣ್ಣೆ, ತಿಕ್ಕಾಟ ಎಲ್ಲ ತಡೀತದೆ ಅಂತ ವಾಹನದ ಪೈಪಿಗೆ ಹಾಕ್ತಾರೆ. ಪ್ರಪಂಚದಲ್ಲಿ ಹರಳು ಅತಿ ಹೆಚ್ಚು ಬೆಳೆಯುದು ನಮ್ಮ ದೇಶ, ಅದರಲ್ಲಿಯೂ ಗುಜರಾತ್.

ಬ್ರೇಕ್ ಲೈನಿಂಗ್: ಇದು ಕೇಳಿದ್ರೆ ನಮ್ಮವರು ನಂಬುದಿಲ್ಲ. ಗೇರುಬೀಜದ ಸಿಪ್ಪೆಯಲ್ಲಿ ಕೈ ಸುಡುವ ಕಪ್ಪು ಎಣ್ಣೆ ಇರ್ತದಲ್ಲ, ಚಿಕ್ಕಂದಿನಲ್ಲಿ ಬೀಜ ಸುಡುವಾಗ ಮುಖಕ್ಕೆ ಹಾರಿ ಬೊಕ್ಕೆ ಎದ್ದವರು ಎಷ್ಟು ಜನ ಇಲ್ಲ ಇಲ್ಲಿ. ಫ್ಯಾಕ್ಟರಿಯವರು ಆ ಎಣ್ಣೆ ತೆಗೆದು ಕಾರ್ಡನಾಲ್ ಅಂತ ಬೇರ್ಪಡಿಸ್ತಾರೆ, ಅದರಿಂದ ರೆಸಿನ್ ಆಗ್ತದೆ, ಅದರ ಪುಡಿ ವಾಹನದ ಬ್ರೇಕ್ ಲೈನಿಂಗಿಗೆ, ರೆಸಿನ್ ಪೇಂಟಿಗೆ, ಲೇಪಕ್ಕೆ. ಬಯೋ ಪ್ಲಾಸ್ಟಿಕ್ ಅಂತ ಯಾರೂ ಬೋರ್ಡ್ ಹಾಕುದಿಲ್ಲ ಅದಕ್ಕೆ, ಹಸಿರು ಎಲೆಯ ಚಿತ್ರವೂ ಇಲ್ಲ. ಕೆಲಸ ಮಾತ್ರ ಗಟ್ಟಿ.

ಆಸ್ಪತ್ರೆ: ತನ್ನಷ್ಟಕ್ಕೆ ಕರಗುವ ಹೊಲಿಗೆ ಹಾಕ್ತಾರಲ್ಲ, ಅದರ ಒಂದು ಜಾತಿಯ ನೂಲಿನಲ್ಲಿ ಲ್ಯಾಕ್ಟಿಕ್ ಆಸಿಡಿನ ಪಾಲು ಉಂಟು. ಮೂಳೆಗೆ ಹಾಕಿ ನಿಧಾನ ಕರಗುವ ಸ್ಕ್ರೂ ಕೂಡ ಪಿಎಲ್ಎ ಜಾತಿಯದ್ದೇ. ಒಂದು ಕೆಲಸ ಮುಗಿದ ಮೇಲೆ ಮಾಯ ಆಗ್ಬೇಕು ಅನ್ನುವಲ್ಲಿ ಇದು ರಾಜ. ಗುಂಡಿಯಲ್ಲಿ ಕರಗದ್ದು ಮೈಯಲ್ಲಿ ಹೇಗೆ ಕರಗ್ತದೆ ಅಂತ ಕೇಳ್ಬೇಡಿ ಅಂತ ಹೇಳ್ಲಿಕ್ಕಿಲ್ಲ, ಕೇಳ್ಬಹುದು: ಹೊಲಿಗೆಯ ನೂಲು ಕೂದಲಿನಷ್ಟು ಸಪೂರ, ಅದರ ಪಾಕವೂ ಬೇರೆ, ಸ್ಕ್ರೂ ಅಂತೂ ಕರಗ್ಲಿಕ್ಕೆ ವರ್ಷಗಟ್ಟಲೆ ತಗೊಳ್ತದೆ.

ಕಾರಿನ ಸೀಟು: ಫೋರ್ಡಿನವರು 2008ರ ಮಸ್ಟಾಂಗ್ ಕಾರಿನಿಂದ ಶುರು ಮಾಡಿ ಸೀಟಿನ ಫೋಮಿಗೆ ಸೋಯಾ ಎಣ್ಣೆಯ ಪಾಲು ಸೇರಿಸ್ತಾ ಬಂದಿದ್ದಾರೆ.

ಚಾ ಬ್ಯಾಗು: ಪಿರಮಿಡ್ ಆಕಾರದ ರೇಷ್ಮೆಯ ಹಾಗೆ ಹೊಳೆಯುವ ಚೀಲ ಬರ್ತದಲ್ಲ, ಅದು ಕೆಲವರದ್ದು ನೈಲಾನ್, ಕೆಲವರದ್ದು ಪಿಎಲ್ಎ. ಬಟ್ಟೆ ಅಂದುಕೊಂಡು ಗಿಡದ ಬುಡಕ್ಕೆ ಹಾಕ್ಬೇಡಿ, ಒಳಗಿನ ಚಾಹುಡಿ ಮಾತ್ರ ಹಾಕಿ.

ಇಷ್ಟೆಲ್ಲ ಇದ್ದು ಒಟ್ಟು ಲೆಕ್ಕ ಎಷ್ಟು ಅಂದ್ರೆ ಪ್ರಪಂಚದ ವರ್ಷಕ್ಕೆ 40 ಕೋಟಿ ಟನ್ನಿಗೂ ಮೇಲಿನ ಪ್ಲಾಸ್ಟಿಕ್‌ನಲ್ಲಿ ಇದು ನೂರಕ್ಕೆ 1 ಪಾಲೂ ಇಲ್ಲ.

ಹಾಳೆ ತಟ್ಟೆ ಬಯೋ ಪ್ಲಾಸ್ಟಿಕ್ಕಾ?

ಅಲ್ಲ. ಅದು ಹಾಳೆ. ಬಿದ್ದ ಅಡಿಕೆ ಹಾಳೆ ತೊಳೆದು, ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿದ್ದು, ಪ್ಲಾಸ್ಟಿಕ್ ಎಂತದೂ ಸೇರಿಸುದಿಲ್ಲ. ಮುಟ್ಟಾಳೆ ಮಾಡಿ ತಲೆಗೆ ಇಟ್ಟುಕೊಂಡು, ಮಕ್ಕಳನ್ನು ಕೂರಿಸಿ ಅಂಗಳದಲ್ಲಿ ಎಳೆದು, ಕಡೆಗೆ ಮಣ್ಣಿಗೆ ಹಾಕಿ ಮುಗಿಸುವ ಸಾಮಾನನ್ನು ನಾವು ತಟ್ಟೆ ಮಾಡಿ ಮಾರ್ತೇವೆ, ಅಷ್ಟೇ. ಸಾರು ಹೊಯ್ದ್ರೂ ಒಂದು ಊಟದ ಹೊತ್ತು ತಡೀತದೆ. ಅದರ ಬಂಗ ಏನಂದ್ರೆ ಮಳೆಗಾಲದಲ್ಲಿ ಬೂಸ್ಟು ಹಿಡೀತದೆ, ಆಟಿಯಲ್ಲಿ (ಜುಲೈ ಆಗಸ್ಟ್) ಅಂಗಡಿಯಲ್ಲಿ ಇಟ್ಟ ಅರ್ಧ ಸ್ಟಾಕ್ ಹಾಳು. ಕೊಳ್ಳುವಾಗ ಮೂಸಿ ನೋಡಿ, ಕಪ್ಪು ಹಸಿರು ಚುಕ್ಕೆ ಇದ್ರೆ ಬೇಡ.

ಇನ್ನೊಂದು ಸುದ್ದಿ ಎಲ್ಲರೂ ಕೇಳ್ತಾರೆ. 2025ರಲ್ಲಿ ಅಮೆರಿಕದಲ್ಲಿ ಆಹಾರ, ಮದ್ದು ನೋಡಿಕೊಳ್ಳುವ ಸರಕಾರಿ ಇಲಾಖೆ ಎಫ್‌ಡಿಎ ಅಡಿಕೆ ಹಾಳೆ ತಟ್ಟೆಯ ಆಮದಿನ ಮೇಲೆ ಎಚ್ಚರಿಕೆ ಹಾಕಿತು, ಅಡಿಕೆಯಲ್ಲಿ ಇರುವ ಅರೆಕೊಲಿನ್ ತರದ ಹಾನಿಕರ ಅಂಶ ಊಟಕ್ಕೆ ಇಳೀಬಹುದು ಅಂತ. ಎಕ್ಸ್‌ಪೋರ್ಟ್ ಮಾಡುವವರಿಗೆ ದೊಡ್ಡ ಏಟು ಅದು. ನಮ್ಮಲ್ಲಿ ಅದರ ಮೇಲೆ ನಿಷೇಧ ಇಲ್ಲ, ನಾನು ಮಾರ್ತೇನೆ, ನನ್ನ ಮನೆಯಲ್ಲಿಯೂ ಅದರಲ್ಲೇ ಉಣ್ಣುದು, ಆದ್ರೆ ಸುದ್ದಿ ಗೊತ್ತಿದ್ದೂ ಮುಚ್ಚಿಡುವ ಜಾತಿ ನಾನಲ್ಲ.

ಕಬ್ಬಿನ ಸಿಪ್ಪೆಯ ಬಿಳಿ ತಟ್ಟೆ ಕೂಡ ಪ್ಲಾಸ್ಟಿಕ್ ಅಲ್ಲ, ರಟ್ಟಿನ ಹಾಗೆ ನಾರಿನ ಪಲ್ಪ್. ಅದು ಎಣ್ಣೆ ಹೀರದಿರ್ಲಿ ಅಂತ ಕೆಲವರು ಪಿಎಫ್ಎಎಸ್ ಅನ್ನುವ, ಸುಲಭದಲ್ಲಿ ನಾಶ ಆಗದ ರಾಸಾಯನಿಕ ಸೇರಿಸ್ತಾರೆ, ಅದು ಸೇರಿಸದ್ದು ಬೇಕು ಅಂತ ಕೇಳಿ ತಗೊಳ್ಳಿ. ಇನ್ನು ಬಣ್ಣ ಬಣ್ಣದ "ಬಿದಿರಿನ ಲೋಟ" ಬರ್ತದೆ ನೋಡಿ, ತುಂಬಾ ಚಂದ, ಅದರಲ್ಲಿ ಬಿದಿರಿನ ಪುಡಿಯನ್ನು ಹಿಡಿದಿಟ್ಟದ್ದು ಹೆಚ್ಚಾಗಿ ಮೆಲಮಿನ್ ಪ್ಲಾಸ್ಟಿಕ್, ಬಿಸಿ ಚಾ ಹಾಕಿದ್ರೆ ಮೆಲಮಿನ್, ಫಾರ್ಮಾಲ್ಡಿಹೈಡ್ ಇಳೀತದೆ ಅಂತ 2021ರಲ್ಲಿ ಯುರೋಪಿನವರು ಅಂಗಡಿಗಳಿಂದ ತೆಗೆಸಿದ್ರು.

ಕಾಂಪೋಸ್ಟೆಬಲ್ ತೊಟ್ಟೆ ಅಸಲಿಯಾ ಡುಪ್ಲಿಕೇಟಾ, ಹೇಗೆ ಗೊತ್ತಾಗುದು?

ಮೂಸಿದ್ರೆ, ಹಿಡಿದ್ರೆ ಚೂರು ಗೊತ್ತಾಗ್ತದೆ. ಸ್ಟಾರ್ಚ್ ಹಾಕಿದ್ದು ಸ್ವಲ್ಪ ಹಿಟ್ಟಿನ ವಾಸನೆ, ಮುಟ್ಟಿದ್ರೆ ಮೆತ್ತಗೆ, ಸಾಮಾನ್ಯ ತೊಟ್ಟೆಯ ಹಾಗೆ ಚರಚರ ಶಬ್ದ ಮಾಡುದಿಲ್ಲ. ಆದ್ರೆ ಇದನ್ನೇ ನಂಬಿ ಕೂತ್ಕೊಳ್ಬೇಡಿ. ತೊಟ್ಟೆಯ ಮೇಲೆಯೇ ಕಾಂಪೋಸ್ಟೆಬಲ್ ಅಂತ, ಮಾಡಿದವರ ಹೆಸರು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಅಂದ್ರೆ ಸಿಪಿಸಿಬಿ ಕೊಟ್ಟ ಸರ್ಟಿಫಿಕೇಟ್ ನಂಬರ್ ಇರ್ಬೇಕು. ಸರ್ಟಿಫಿಕೇಟ್ ಇರುವ ಕಂಪೆನಿಗಳ ಪಟ್ಟಿ ಸಿಪಿಸಿಬಿ ವೆಬ್‌ಸೈಟಿನಲ್ಲಿ ಉಂಟು, ಮೊಬೈಲಿನಲ್ಲಿ ಎರಡು ನಿಮಿಷದ ಕೆಲಸ. ನಂಬರ್ ಇಲ್ಲದ ತೊಟ್ಟೆ, ಬರೇ ಎಲೆಯ ಚಿತ್ರ ಮತ್ತು "ಐ ಆಮ್ ನಾಟ್ ಪ್ಲಾಸ್ಟಿಕ್" ಅಂತ ಇದ್ರೆ ದೂರ ಇಡಿ.

ಇದು ಯಾಕೆ ಮುಖ್ಯ ಅಂದ್ರೆ ಸಾಮಾನ್ಯ ಪ್ಲಾಸ್ಟಿಕ್ ತೊಟ್ಟೆ 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್ ದಪ್ಪ ಇರ್ಬೇಕು ಅಂತ ಕೇಂದ್ರದ ರೂಲು, ಕಾಂಪೋಸ್ಟೆಬಲ್‌ಗೆ ಆ ದಪ್ಪದ ರೂಲು ಇಲ್ಲ. ಹಾಗಾಗಿ ತೆಳು ತೊಟ್ಟೆ ಮಾರ್ಬೇಕಾದವರೆಲ್ಲ ಎಲೆ ಚಿತ್ರ ಹಾಕಿ ಕಾಂಪೋಸ್ಟೆಬಲ್ ಅಂತ ಹೇಳ್ಲಿಕ್ಕೆ ಶುರು ಮಾಡಿದ್ರು.

ಮತ್ತೆ ಮೂರು ವೇಷ ಉಂಟು. ಒಂದು ಆಕ್ಸೋ ಅಂತ, ಸಾಮಾನ್ಯ ಪಾಲಿಥಿನ್‌ಗೆ ಒಂದು ಮದ್ದು ಸೇರಿಸಿ ಬಿಸಿಲಿಗೆ ಪುಡಿ ಆಗುವ ಹಾಗೆ ಮಾಡಿದ್ದು, ಪುಡಿ ಆಗುದು ಅಷ್ಟೇ, ಕೊಳೆಯುದಲ್ಲ, ಯುರೋಪಿನಲ್ಲಿ 2021ರಲ್ಲಿ ಬಂದ್ ಮಾಡಿದ್ದಾರೆ. ಎರಡನೆಯದ್ದು "ಬಟ್ಟೆ ಚೀಲ" ಅಂತ ಕೊಡುವ ನಾನ್ ವೋವನ್, ಅದು ಬಟ್ಟೆ ಅಲ್ಲ, ಪಾಲಿಪ್ರೊಪಿಲಿನ್, ಬೆಂಕಿಕಡ್ಡಿ ತಾಗಿಸಿದ್ರೆ ಕರಗಿ ಗುಂಡಾಗ್ತದೆ. ಮೂರನೆಯದ್ದು ವಿಡಿಯೋದಲ್ಲಿ ಬಿಸಿನೀರಿಗೆ ಹಾಕಿ ಕರಗಿಸಿ ಕುಡಿದು ತೋರಿಸ್ತಾರೆ, ಅಂಥದ್ದು ಹೆಚ್ಚಾಗಿ ಪಿವಿಎ ಅಂತ ನೀರಿಗೆ ಕರಗುವ ಪ್ಲಾಸ್ಟಿಕ್, ಪೆಟ್ರೋಲಿಯಂನದ್ದೇ, ಉಪ್ಪು ನೀರಲ್ಲಿ ಕರಗಿದ ಹಾಗೆ ಕರಗುದು, ಮಾಯ ಆಗುದಲ್ಲ.

ನೀವು ಕೊಟ್ಟ ತೊಟ್ಟೆ ಮನೆಯಲ್ಲಿ ಇಟ್ಟಲ್ಲೇ ಹರಿದುಹೋಯ್ತು!

ಎಷ್ಟು ತಿಂಗಳು ಇಟ್ಟಿದ್ರಿ? ಕಾಂಪೋಸ್ಟೆಬಲ್ ತೊಟ್ಟೆಗೆ ಆಯುಷ್ಯ ಆರು ತಿಂಗಳಿಂದ ಒಂದು ವರ್ಷ, ಅದೂ ಒಣಗಿದ ನೆರಳಿನಲ್ಲಿ ಇಟ್ರೆ. ನಮ್ಮ ಜೂನ್ ಜುಲೈಯ ತೇವಕ್ಕೆ ಇನ್ನೂ ಬೇಗ ಸೋಲ್ತದೆ. ನೂರು ಪೀಸ್ ಸೋವಿಗೆ ಸಿಕ್ಕಿತು ಅಂತ ರಾಶಿ ತಗೊಂಡು ಅಟ್ಟದಲ್ಲಿ ಇಡುವ ಸಾಮಾನು ಅಲ್ಲ ಅದು, ಮೀನಿನ ಹಾಗೆ ತಾಜಾ ತಗೊಳ್ಬೇಕು. ಹೊರೆಯೂ ಕಮ್ಮಿಯೇ ತಡೆಯುದು, ಐದು ಕಿಲೋ ಅಕ್ಕಿ ಹಾಕಿ ಬಸ್ಸು ಹತ್ತಿದ್ರೆ ಅಕ್ಕಿ ಬಸ್ಸಿನಲ್ಲಿ, ಕಿವಿ ನಿಮ್ಮ ಕೈಯಲ್ಲಿ.

ಹರಿತ ಕರ್ಮ ಸೇನೆಯವರಿಗೆ ಕೊಡ್ಬಹುದಾ?

ತಿಂಗಳಿಗೆ 50 ರೂಪಾಯಿ ತಗೊಂಡು ಪ್ಲಾಸ್ಟಿಕ್ ಕಸ ಒಟ್ಟು ಮಾಡ್ಲಿಕ್ಕೆ ಮನೆಗೆ ಬರುವ ಆ ಅಕ್ಕಂದಿರಿಗೆ ಕೊಡುವಾಗ ಬೇರೆ ಕಟ್ಟಿ ಕೊಡಿ, ಬಾಯಲ್ಲಿ ಹೇಳಿ ಕೊಡಿ. ಯಾಕಂದ್ರೆ ಪಿಎಲ್ಎ ಲೋಟ ಮತ್ತು ಪೆಟ್ ಲೋಟ ಕಣ್ಣಿಗೆ ಒಂದೇ, ನೀರಿಗೆ ಹಾಕಿದ್ರೆ ಎರಡೂ ಮುಳುಗ್ತದೆ, ಕೈಯಲ್ಲಿ ಹೆಕ್ಕುವವರಿಗೆ ವ್ಯತ್ಯಾಸ ಗೊತ್ತಾಗುದಿಲ್ಲ. ಪೆಟ್ ಕರಗಿಸುದು 250 ಡಿಗ್ರಿ ದಾಟಿದ ಬಿಸಿಯಲ್ಲಿ, ಅಲ್ಲಿ ಚೂರು ಪಿಎಲ್ಎ ಸೇರಿದ್ರೂ ಹಾಳಾಗಿ ಇಡೀ ಲಾಟಿನ ಕ್ವಾಲಿಟಿ ಕೆಡಿಸ್ತದೆ. ಕಬ್ಬಿನ ಪಾಲಿಥಿನ್‌ನ ಶಾಂಪೂ ಬಾಟ್ಲಿ ಆದ್ರೆ ಯೋಚನೆ ಬೇಡ, ತೊಳೆದು ಒಣಗಿಸಿ ಉಳಿದ ಪ್ಲಾಸ್ಟಿಕ್ ಜೊತೆಗೇ ಹಾಕಿ.

ಬಚ್ಚಲ ಒಲೆಗೆ ಹಾಕಿದ್ರೆ ಆಗ್ತದಾ? ಗಿಡದ್ದೇ ಅಲ್ವಾ?

ಬೇಡ. ಕಬ್ಬಿನ ಪಾಲಿಥಿನ್ ಅಂದ್ರೂ ಉರಿಯುವಾಗ ಪಾಲಿಥಿನ್ನೇ, ಅದೇ ಹೊಗೆ. ಬಣ್ಣ, ಪ್ರಿಂಟು, ಸೇರಿಸಿದ ಮದ್ದು ಎಲ್ಲ ನಿಮ್ಮ ಮೂಗಿಗೆ, ಬೆಳಿಗ್ಗೆ ನೀರು ಕಾಯಿಸುವ ಅಮ್ಮನ ಮೂಗಿಗೆ. ಹಾಳೆ ತಟ್ಟೆ ಆದ್ರೆ ಹಾಕಿ, ಮಡಲು, ಕೊತ್ತಳಿಗೆ, ಸಿಪ್ಪೆ ಹಾಕ್ತೀರಲ್ಲ, ಅದರ ಜೊತೆ.

ದನ ತಿಂದ್ರೆ?

ಜೋಳದ ತೊಟ್ಟೆ ದನ ತಿಂದ್ರೆ ಒಳ್ಳೆಯದೇ ಅಂತ ಒಬ್ಬ ಸೇಲ್ಸ್‌ನವ ನನ್ನ ಎದುರು ಹೇಳಿದ. ದನದ ಹೊಟ್ಟೆ 39 ಡಿಗ್ರಿ, ಮೇಲೆ ಹೇಳಿದ 58 ಎಲ್ಲಿ ಇದೆಲ್ಲಿ. ತೊಟ್ಟೆ ಹೊಟ್ಟೆಯಲ್ಲಿ ಮುದ್ದೆಯಾಗಿ ಕೂತ್ರೆ ದನಕ್ಕೆ ಅದು ಜೋಳದ್ದಾ ಪೆಟ್ರೋಲಿನದ್ದಾ ಅಂತ ಲೆಕ್ಕ ಇಲ್ಲ. ಹಳಸಿದ ಅನ್ನ ಕಟ್ಟಿ ಗದ್ದೆ ಬದಿಗೆ ಬಿಸಾಡುವ ಅಭ್ಯಾಸ ಮೊದಲು ಬಿಡಿ.

ಹೊಳೆಗೆ, ಸಮುದ್ರಕ್ಕೆ ಹೋದ್ರೆ ಕರಗ್ತದಲ್ಲ?

ಪಿಎಲ್ಎ ಸಮುದ್ರದಲ್ಲಿ ವರ್ಷಗಟ್ಟಲೆ ಹಾಗೇ ಇರ್ತದೆ. ಸಮುದ್ರದ ನೀರಿನಲ್ಲಿಯೂ ಕೊಳೆಯುವ ಒಂದು ಜಾತಿ ಪಿಎಚ್ಎ, ಬ್ಯಾಕ್ಟೀರಿಯಾ ತನ್ನ ಮೈಯೊಳಗೆ ನಮ್ಮ ಬೊಜ್ಜಿನ ಹಾಗೆ ಕೂಡಿಟ್ಟುಕೊಳ್ಳುವ ಪ್ಲಾಸ್ಟಿಕ್ ಅದು. ಮೊರಿಸ್ ಲೆಮ್ವಾನ್ ಅಂತ ಫ್ರಾನ್ಸಿನ ವಿಜ್ಞಾನಿ 1926ರಲ್ಲೇ ಕಂಡುಹಿಡಿದದ್ದು. ಬೆಲೆ ಜಾಸ್ತಿ ಅಂತ ಅದು ಕುಂಬಳೆ ಪೇಟೆಯ ಅಂಗಡಿ ತನಕ ಬರುದು ಅಪರೂಪ.

ಅಂದ್ರೆ ಇದು ಹೊಸ ಸಂಶೋಧನೆ ಅಲ್ವಾ?

ಹೊಸತಲ್ಲ, ಹಳತೇ ಪುನಃ ಬಂದದ್ದು. ಪ್ಲಾಸ್ಟಿಕ್ ಶುರುವಾದದ್ದೇ ಗಿಡದಿಂದ. 1870ರ ಹೊತ್ತಿಗೆ ಅಮೆರಿಕದ ಹಯಾಟ್ ಅನ್ನುವವ ಹತ್ತಿಯ ನಾರು ಮತ್ತು ಕರ್ಪೂರ ಸೇರಿಸಿ ಸೆಲ್ಯುಲಾಯ್ಡ್ ಮಾಡಿದ, ಆನೆದಂತದ ಬಿಲಿಯರ್ಡ್ಸ್ ಚೆಂಡಿಗೆ ಬದಲಿ ಹುಡುಕ್ತಾ ಇದ್ದ ಕಾಲ ಅದು, ಹಳೆ ಸಿನಿಮಾ ರೀಲು ಅದೇ. ಹಾಲಿನ ಕೇಸಿನ್ ಅನ್ನುವ ಪ್ರೋಟೀನ್‌ನಿಂದ ಅಂಗಿಯ ಗುಬ್ಬಿ, ಅಂದ್ರೆ ಬಟನ್, ಮಾಡ್ತಿದ್ರು. ಮತ್ತೆ ಪೆಟ್ರೋಲಿಯಂ ಸೋವಿಗೆ ಸಿಕ್ಲಿಕ್ಕೆ ಶುರುವಾಯ್ತು, ಎಲ್ಲರೂ ಆ ಕಡೆ ಓಡಿದ್ರು.

ತೋಟಕ್ಕೆ ಎಂತಾದ್ರೂ ಉಪಯೋಗ ಉಂಟಾ ಭಾವ?

ಉಂಟು, ಮತ್ತೆ ನನ್ನ ಪ್ರಕಾರ ನಮ್ಮ ಊರಿಗೆ ಸರಿಯಾಗಿ ಆಗುವ ಜಾಗ ಇದೇ. ತರಕಾರಿ, ಕಲ್ಲಂಗಡಿ ಮಾಡುವವರು ಏರಿಗೆ ಮಲ್ಚಿಂಗ್ ಶೀಟ್, ಅಂದ್ರೆ ಮಣ್ಣು ಮುಚ್ಚುವ ಪ್ಲಾಸ್ಟಿಕ್ ಹೊದಿಕೆ, ಹಾಸ್ತಾರೆ, ಬೆಳೆ ಮುಗಿದ ಮೇಲೆ ಅದನ್ನು ಮಣ್ಣಿನಿಂದ ಹೆಕ್ಕುದು ದೊಡ್ಡ ತಲೆನೋವು, ಅರ್ಧ ಹರಿದು ಮಣ್ಣಲ್ಲೇ ಉಳೀತದೆ. ಮಣ್ಣಿನಲ್ಲೇ ಕೊಳೆಯುವ ಶೀಟ್ ಬೇರೆ ಬರ್ತದೆ, ಯುರೋಪಿನಲ್ಲಿ 2018ರಲ್ಲಿ ಇಎನ್ 17033 ಅಂತ ಅದಕ್ಕೇ ಪ್ರತ್ಯೇಕ ಸ್ಟಾಂಡರ್ಡ್ ಮಾಡಿದ್ದಾರೆ, ಇಲ್ಲಿ 58 ಡಿಗ್ರಿಯ ಕತೆ ಇಲ್ಲ, ಮಾಮೂಲು ಮಣ್ಣಿನ ಬಿಸಿಯಲ್ಲಿ ಎರಡು ವರ್ಷದ ಒಳಗೆ ಕೊಳೀಬೇಕು. ರೇಟು ಹೆಚ್ಚು, ಆದ್ರೆ ಹೆಕ್ಕುವ ಆಳಿನ ಸಂಬಳ ಕಳೆದು ಲೆಕ್ಕ ಹಾಕಿ, ಈಗ ಆಳು ಸಿಗುದೇ ಇಲ್ಲ.

ಅಡಿಕೆ ಸಸಿಗೆ ತೊಟ್ಟೆ ಬದಲು ಬಯೋ ತೊಟ್ಟೆ ಆಗ್ತದಾ ಅಂತ ಒಬ್ರು ಕೇಳಿದ್ರು. ಅಡಿಕೆ ಸಸಿ ನರ್ಸರಿಯಲ್ಲಿ ಒಂದು ಒಂದೂವರೆ ವರ್ಷ ಕೂರ್ಬೇಕು, ಅಷ್ಟರಲ್ಲಿ ಕಾಂಪೋಸ್ಟೆಬಲ್ ತೊಟ್ಟೆ ಬುಡ ಬಿಟ್ಟು ಮಣ್ಣು ಕೆಳಗೆ. ಬೆಂಡೆ ಬದನೆ ಸಸಿಗಾದ್ರೆ ಒಂದು ತಿಂಗಳ ಕೆಲಸ, ಆಗ್ತದೆ, ಅದಕ್ಕೂ ತೆಂಗಿನ ನಾರಿನ ಚಟ್ಟಿ ಇರುವಾಗ ಇದೆಂತಕ್ಕೆ ಅಂತ ನನ್ನ ಪ್ರಶ್ನೆ. 1916ರಿಂದ ತೆಂಗಿನ ಸಂಶೋಧನೆ ನಡೀತಾ ಇರುವ ಕಾಸರಗೋಡು ನಮ್ಮದು, ನಾರಿಗೆ ಬರಗಾಲ ಇಲ್ಲ.

ತಿನ್ನುವ ಜೋಳ, ಕಬ್ಬನ್ನು ಪ್ಲಾಸ್ಟಿಕ್ ಮಾಡುದು ಸರಿಯಾ?

ಈಗಿನ ಪ್ರಮಾಣಕ್ಕೆ ಅದು ದೊಡ್ಡ ಸಮಸ್ಯೆ ಅಲ್ಲ, ತುಂಬಾ ಸಣ್ಣ ಪಾಲಿನ ಜಮೀನು. ಎಲ್ಲ ಪ್ಲಾಸ್ಟಿಕ್ಕನ್ನೂ ಹೀಗೇ ಮಾಡುವ ಅಂತ ಹೊರಟ್ರೆ ಆಗ ಬೇರೆ ಮಾತು. ಗೇರು ಸಿಪ್ಪೆಯ ಎಣ್ಣೆಯ ಹಾಗೆ ಬಿಸಾಡುದರಿಂದ ಮಾಡಿದ್ರೆ ಯಾರಿಗೂ ತಕರಾರಿಲ್ಲ.

ರೇಟ್ ಯಾಕೆ ಇಷ್ಟು?

ಫ್ಯಾಕ್ಟರಿ ಕಮ್ಮಿ, ಮಾಡುವ ದಾರಿ ಉದ್ದ, ತುಂಬಾ ಕಡೆ ಕಚ್ಚಾ ಮಾಲು ಹೊರಗಿನಿಂದ ಬರ್ಬೇಕು. ನನಗೇ ಎರಡು ಮೂರು ಪಟ್ಟು ಬೀಳ್ತದೆ. ಚೌಕಾಶಿ ಮಾಡ್ಬೇಡಿ ದಮ್ಮಯ್ಯ.

ತಲಪಾಡಿ ಗಡಿಯ ಆಚೆ ಮಂಗಳೂರಿನಿಂದ ತಂದ್ರೆ ಸೋವಿ ಅಲ್ವಾ?

ಸೋವಿ ಇರ್ಬಹುದು. ಆಚೆ ಕರ್ನಾಟಕದಲ್ಲಿ 2016ರಿಂದ ನಿಷೇಧ ಉಂಟು, ಈಚೆ ಕೇರಳದ ಪಟ್ಟಿ ಬೇರೆ, ಕೇಂದ್ರದ ಪಟ್ಟಿಗಿಂತ ಉದ್ದ, ಒಳಗೆ ಪ್ಲಾಸ್ಟಿಕ್ ಲೇಪ ಇರುವ ಪೇಪರ್ ಲೋಟ ಕೂಡ ಅದರಲ್ಲಿ ಸೇರ್ತದೆ. ಆಚೆ ಮಾರಿದ್ರು ಅಂತ ಈಚೆ ನಡೀತದೆ ಅಂತಿಲ್ಲ. ಕಲ್ಯಾಣ ಮಂಟಪದಲ್ಲಿ ಚೆಕ್ಕಿಂಗಿಗೆ ಬಂದ್ರೆ ಫೈನ್ ಕಟ್ಟುದು ಮದುವೆ ಮನೆಯವರು, ಆಗ ಊಟದ ಹೊತ್ತಿಗೆ ಮಾವನ ಮುಖ ನೋಡ್ಲಿಕ್ಕಾಗುದಿಲ್ಲ. ದೊಡ್ಡ ಜೆಂಬರ ಆದ್ರೆ ಮೊದಲೇ ಪಂಚಾಯತಿನಲ್ಲಿ ಕೇಳಿ, ಬಿಲ್ಲು ಮತ್ತು ಸರ್ಟಿಫಿಕೇಟಿನ ಕಾಪಿ ಕಿಸೆಯಲ್ಲಿ ಇಟ್ಟುಕೊಳ್ಳಿ.

ನಿಮ್ಮ ಮನೆಯ ಜೆಂಬರಕ್ಕೆ ನೀವು ಎಂತ ಮಾಡ್ತೀರಿ?

ಊಟಕ್ಕೆ ಬಾಳೆಲೆ. ನಿಂತು ತಿನ್ನುವ ತಿಂಡಿಗೆ ಹಾಳೆ ತಟ್ಟೆ, ಪಾಯಸಕ್ಕೆ ಸ್ಟೀಲ್ ಬಟ್ಟಲು, ಐಸ್‌ಕ್ರೀಮಿಗೆ ಮರದ ಚಮಚ, ಅದು ನಾಲಗೆಗೆ ಚೂರು ಒರಟು, ಮಕ್ಕಳು ಬೈತಾರೆ. ಎಲೆ, ಅನ್ನ, ಸಿಪ್ಪೆ ಎಲ್ಲ ಗುಂಡಿಗೆ. ಬಯೋ ಪ್ಲಾಸ್ಟಿಕ್ ನನ್ನ ಮನೆಯಲ್ಲಿ ಇರುದು ಹಲ್ಲುಜ್ಜುವ ಬ್ರಶ್ಶಿನಲ್ಲಿ, ಅಳಿಯನ ತ್ರೀಡಿ ಪ್ರಿಂಟರಿನ ಹತ್ತಿರ, ಬೈಕಿನ ಬ್ರೇಕಿನಲ್ಲಿ.

ಪಿಎಲ್ಎ ಲೋಟ ಈಗ ಸ್ಟಾಕ್ ಉಂಟಾ?

ಇಲ್ಲ. ಬಯಲಾಟದ್ದು ಉಳಿದ ಅರ್ಧ ಕಟ್ಟಿನಲ್ಲಿ ಈಗ ಮೊಳೆ, ಸ್ಕ್ರೂ ಹಾಕಿಟ್ಟಿದ್ದೇನೆ, ಎಂತ ಕೂಡ ಆಗ್ಲಿಲ್ಲ ಅದಕ್ಕೆ ಇಷ್ಟು ವರ್ಷದಲ್ಲಿ. ಸ್ಟೀಲ್ ಲೋಟ ಬಾಡಿಗೆಗೆ ಉಂಟು, ಒಂದು ವಾರ ಮೊದಲೇ ಹೇಳಿ, ತೊಳೆದು ಕೊಡ್ಬೇಕು.